ನಶೀದಾಳ ಕಿವಿಗೆ ಬಿದ್ದ ಪೆಟ್ಟು

ಅಕ್ಷಿತಾ ಕೊನೆಯ ಮೆಟ್ಟಿಲು ಹತ್ತುವಾಗ ಒಳಗಿನಿಂದ ಚೀರಾಟ ಕೇಳಿತು. ಕೈಯಲ್ಲಿದ್ದ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಓಡಿದಳು.

ಕಬಕದಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಆರ್ಕೆಸ್ಟ್ರಾ ತಂಡವೊಂದು ತಾಲೀಮು ನಡೆಸುವ ಹಾಲ್ ಅದು. ವೇದಿಕೆಯ ನಡುವೆ ಗಾಯಕಿ ನಶೀದಾ ಕುಸಿದು ಕುಳಿತಿದ್ದಳು. ಎರಡೂ ಕೈ ತಲೆವಸ್ತ್ರದ ಮೇಲೆ. ಕಿವಿಯೊಳಗಿನ ಇಯರ್‌ಫೋನ್ ಸೆಟ್ಟನ್ನು ಕೀಳಬೇಕಾದರೆ ಮೊದಲು ವಸ್ತ್ರದ ಪಿನ್ನು ಬಿಡಿಸಬೇಕು. ಗಡಿಬಿಡಿಯಲ್ಲಿ ಬೆರಳಿಗೆ ಪಿನ್ನು ಸಿಗುತ್ತಿರಲಿಲ್ಲ. ಅಕ್ಷಿತಾ ಅವಳ ಸೊಂಟದ ರಿಸೀವರ್‌ನಿಂದ ವಯರನ್ನೇ ಎಳೆದು ಬಿಸಾಡಿದಳು. ಹಿಂದಿನಿಂದ ಕೀಬೋರ್ಡು ಇನ್ನೂ ನುಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

"ಅಕ್ಷಿತಕ್ಕಾ, ಬಲದ ಕಿವಿಯಲ್ಲಿ ಬರೀ ಗುಂಯ್ ಅಂತ ಉಂಟು. ನೀವು ಹೇಳುದು ಕೇಳುದಿಲ್ಲ," ಎಂದು ನಶೀದಾ ಅತ್ತಳು.

ಹಾಡುವ ಹುಡುಗಿಗೆ ಕಿವಿ ಹೋದರೆ ಇನ್ನೇನು ಉಳಿಯಿತು? ನರಿಮೊಗರಿನವಳಾದ ಅಕ್ಷಿತಾಳಿಗೆ ಪುತ್ತೂರಿನ ಶ್ರವಣ ಕೇಂದ್ರವೊಂದರಲ್ಲಿ ಕೆಲಸ. ಕಿವಿ ಪರೀಕ್ಷಿಸುವುದು, ಕಿವಿಯಂತ್ರ ಸರಿಯಾಗಿ ಕೂರಲೆಂದು ಕಿವಿಯ ಅಚ್ಚು ತೆಗೆಯುವುದು. ಈ ಆರ್ಕೆಸ್ಟ್ರಾದವರಿಗೂ ಹೊಸ ಕಿವಿಸೆಟ್ಟಿಗೆಂದು ಅಚ್ಚು ತೆಗೆಯುತ್ತಿದ್ದವಳು ಅವಳೇ.

ಹಳೆಯ ಪದ್ಧತಿಯಲ್ಲಿ ಕಲಾವಿದರಿಗೆ ತಮ್ಮ ಹಾಡು ತಮಗೆ ಕೇಳಿಸಲೆಂದು ಕಾಲಬುಡದಲ್ಲಿ ದೊಡ್ಡ ಬಾಕ್ಸ್ ಇಡುತ್ತಿದ್ದರು. ಈಗ ಕಿವಿಯೊಳಗೇ ಕೂರುವ ಇನ್-ಇಯರ್ ಸೆಟ್ಟು ಬಂದಿದೆ. ಯಾವುದನ್ನು ಕೊಳ್ಳುವುದೆಂದು ನೋಡಲು ಇಂದು ಡೆಮೊ ಸೆಟ್ಟು ತರಿಸಿದ್ದರು. ಆರಿಸಿ ತಂದವನು ಸೌಂಡ್ ನೋಡಿಕೊಳ್ಳುವ ಸುದರ್ಶನ.

ಎಲ್ಲರ ಸದ್ದನ್ನು ಹೊಂದಿಸುವ ಮಿಕ್ಸರಿನ ಮೇಜಿನ ಹಿಂದೆ ಅವನು ಗೋಡೆಗೆ ಅಂಟಿದಂತೆ ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಸುದರ್ಶನಾ, ಮಿಕ್ಸರ್ ಮುಟ್ಬೇಡ. ಹೇಗೆ ಉಂಟೋ ಹಾಗೇ ಇರ್ಲಿ," ಎಂದಳು ಅಕ್ಷಿತಾ.

*

ಮಧ್ಯಾಹ್ನ ಎರಡಕ್ಕೆ ನಶೀದಾಳ ತಂದೆ ಮೊಯ್ದಿನಬ್ಬ ಹಾಲ್‌ಗೆ ಬಂದರು. ಪುತ್ತೂರಿನಲ್ಲಿ ಬಟ್ಟೆಯ ವ್ಯಾಪಾರ, ದೊಡ್ಡ ದನಿ. ಅಂದು ಮಾತ್ರ ದನಿ ತಗ್ಗಿತ್ತು, ಅದೇ ಹೆಚ್ಚು ಹೆದರಿಸುವಂತಿತ್ತು.

"ಡಾಕ್ಟ್ರು ಎರಡು ವಾರ ಹಾಡುದು ಬೇಡ ಅಂದ್ರು. ಕಿವಿ ಪೂರ್ತಿ ಸರಿ ಆದೀತಾ ಕೇಳಿದ್ರೆ, ನೋಡುವ ಅಂದ್ರು. ನೋಡುವ ಅಂದ್ರೆ ಎಂತ? ಇದು ಯಾರು ಮಾಡಿದ್ದು? ಹೆಸರು ಹೇಳಿ. ನಾಲ್ಕು ಗಂಟೆಗೆ ಸ್ಟೇಷನ್ನಿಗೆ ಹೋಗ್ತೇನೆ."

ತಂಡದ ಯಜಮಾನ ಪ್ರೇಮನಾಥರು ಮುಂದೆ ಬಂದರು. ಮೂವತ್ತು ವರ್ಷ ಕೀಬೋರ್ಡು ನುಡಿಸಿದವರು. ಸುಳ್ಯ, ಕಡಬದವರೆಗೂ ಅವರಿಲ್ಲದೆ ಮದುವೆಯ ರಸಮಂಜರಿ ಇಲ್ಲ ಎಂಬಷ್ಟು ಹೆಸರು.

"ಹೇಳ್ಲಿಕ್ಕೆ ಬೇಜಾರಾಗ್ತದೆ," ಎಂದರು. "ಬೆಳಿಗ್ಗೆ ಸುದರ್ಶನನಿಗೂ ನಶೀದಾಳಿಗೂ ಜಗಳ ಆಗಿದೆ. ನಿಂಗೆ ಪೆಟ್ಟು ಬಿದ್ರೇ ಬುದ್ಧಿ ಬರುದು ಅಂತ ಹೇಳಿದ್ದಾನೆ ಇವನು. ಮಿಕ್ಸರಿನಲ್ಲಿ ಇದ್ದದ್ದೂ ಇವನೇ."

"ಹೇಳಿದ್ದು ಹೌದು!" ಸುದರ್ಶನ ಅಳುವಂತಾದ. "ವಯರ್ ವಸ್ತ್ರದ ಹೊರಗೆ ಇಟ್ಕೋ, ಬೇಕಾದಾಗ ಎಳೀಲಿಕ್ಕೆ ಆಗ್ತದೆ ಅಂದೆ. ಚಂದ ಕಾಣುದಿಲ್ಲ ಅಂದ್ಲು. ಅದಕ್ಕೆ ಹಾಗೆ ಬಾಯಿಗೆ ಬಂತು. ಡೆಮೊ ಸೆಟ್ಟಿನಲ್ಲಿ ದನಿ ಮಿತಿ ಮೀರದ ಹಾಗೆ ತಡೆಯುವ ಲಿಮಿಟರ್ ಇಲ್ಲ ಅಂತ ಗೊತ್ತಿದ್ದೂ ಕೊಟ್ಟದ್ದು ನನ್ನ ತಪ್ಪು. ಆದ್ರೆ ಬೇಕಂತ ಮಾಡ್ಲಿಲ್ಲ ಕಾಕಾ."

ಗುತ್ತಿಗಾರಿನಿಂದ ಹದಿನೇಳನೇ ವಯಸ್ಸಿಗೆ ಬಂದು ಪ್ರೇಮನಾಥರ ಕೈಕೆಳಗೇ ಬೆಳೆದವನು ಅವನು. ಅಂಥವರ ಬಾಯಿಂದಲೇ ತನ್ನ ಹೆಸರು ಬಂದಾಗ ಅವನ ಮುಖ ನೋಡುವ ಹಾಗಿರಲಿಲ್ಲ. ಪೊಲೀಸು ಕೇಸು ಬಿದ್ದರೆ ಯಾವ ವೇದಿಕೆಯವರೂ ಅವನನ್ನು ಹತ್ತಿರ ಸೇರಿಸುವುದಿಲ್ಲ.

"ಕಾಕಾ, ನಾಲ್ಕು ಗಂಟೆ ತನಕ ಟೈಮ್ ಕೊಡಿ. ಯಾರು ಅಂತ ನಾನು ಹೇಳ್ತೇನೆ," ಎಂದಳು ಅಕ್ಷಿತಾ.

"ನೀವು ಕಿವಿ ಡಾಕ್ಟ್ರಾ, ಪೊಲೀಸಾ?"

"ಎರಡೂ ಅಲ್ಲ. ಆದ್ರೆ ಕಿವಿಯ ವಿಷ್ಯ ಅಲ್ವಾ? ಬಿಡ್ಲಿಕ್ಕೆ ನಂಗೆ ಆಗುದಿಲ್ಲ."

*

ಮೊದಲು ಅವಳು ಮಿಕ್ಸರಿನ ಮುಂದೆ ಕುಳಿತಳು. ಸುದರ್ಶನ ವಿವರಿಸಿದ. ಒಬ್ಬೊಬ್ಬರ ಕಿವಿಗೆ ಹೋಗುವ ಸದ್ದು ಬೇರೆಬೇರೆ. ಮಿಕ್ಸರಿಗೆ ಜೋಡಿಸಿದ ಆ್ಯಪಿನಲ್ಲಿ ತಮ್ಮ ಹೆಸರಿನ ಪುಟ ತೆರೆದು, ಯಾವ ವಾದ್ಯ ಎಷ್ಟು ಕೇಳಬೇಕೆಂದು ಫೋನಿನಿಂದಲೇ ಏರಿಸಿ ಇಳಿಸಬಹುದು.

"ಹಾಗಾದ್ರೆ ನಶೀದಾಳ ಪುಟವನ್ನು ಬೇರೆಯವರೂ ತೆರೀಬಹುದಾ?"

"ತೆರೀಬಹುದು. ಲಾಕ್ ಮಾಡ್ಲಿಲ್ಲ."

ನಶೀದಾಳ ಪುಟ ಪರದೆಯ ಮೇಲೆ ಬಂತು. ಅವಳ ಸ್ವಂತ ದನಿ ಇದ್ದಲ್ಲೇ ಇತ್ತು. ರಿದಮ್ ಪ್ಯಾಡು, ಇನ್ನೊಬ್ಬ ಗಾಯಕನ ದನಿ, ಎಲ್ಲ ಇದ್ದಲ್ಲೇ. ಕೀಬೋರ್ಡು ಒಂದೇ ತುತ್ತತುದಿಗೆ ಏರಿತ್ತು. ಅಕ್ಷಿತಾ ಅದನ್ನೇ ನೋಡುತ್ತ ಕುಳಿತಳು.

ಆಮೇಲೆ ಅವಿನ್‌ನನ್ನು ಕರೆದಳು. ತಂಡದ ಇನ್ನೊಬ್ಬ ಗಾಯಕ. ಒಳ್ಳೆಯ ಹಾಡೆಲ್ಲ ನಶೀದಾಳಿಗೇ ಹೋಗುತ್ತದೆಂದು ವಾರದಿಂದ ಗೊಣಗುತ್ತಿದ್ದದ್ದು ಎಲ್ಲರಿಗೂ ಗೊತ್ತು.

"ನಿನ್ನ ಫೋನ್ ಆಗ ಎಲ್ಲಿತ್ತು?"

ಅವಿನ್ ಕೆಂಪಾದ. "ನನ್ನ ಮೇಲೆ ಡೌಟಾ? ಹೊಟ್ಟೆಕಿಚ್ಚು ಇತ್ತು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಫೋನ್ ಸ್ಟ್ಯಾಂಡಿನಲ್ಲಿ ಇತ್ತು ಮಾರಾಯ್ರೆ. ವಿಡಿಯೊ ಮಾಡ್ತಾ ಇದ್ದೆ. ಬೇಕಾದ್ರೆ ನೋಡಿ."

ವಿಡಿಯೊದಲ್ಲಿ ಇಡೀ ವೇದಿಕೆ ಕಾಣುತ್ತಿತ್ತು. ಅವಿನ್‌ನ ಕೈಯಲ್ಲಿ ಮೈಕು. ಪ್ಯಾಡು ಬಾರಿಸುವ ಮಿದ್ಲಾಜ್‌ನ ಎರಡು ಕೈಯಲ್ಲೂ ಕೋಲು. ಪ್ರೇಮನಾಥರ ಕೈಗಳು ಕೀಬೋರ್ಡಿನ ಮರೆಯಲ್ಲಿ. ನಶೀದಾ ಚೀರುತ್ತಾಳೆ. ಮಿದ್ಲಾಜ್, ಅವಿನ್ ಇಬ್ಬರೂ ಒಮ್ಮೆಲೇ ನಿಲ್ಲುತ್ತಾರೆ. ಅಕ್ಷಿತಾ ಅಷ್ಟನ್ನು ಮತ್ತೆ ಮತ್ತೆ ನೋಡಿದಳು.

"ಮಿದ್ಲಾಜ್, ನೀವಿಬ್ರು ಒಟ್ಟಿಗೇ ನಿಲ್ಸಿದ್ದು ಹೇಗೆ?"

"ಸುದರ್ಶನ ನಮ್ಮ ಕಿವಿಗೆ ಮೈಕಿನಲ್ಲಿ ಬೊಬ್ಬೆ ಹಾಕಿದ. ನಿಲ್ಸಿ, ನಿಲ್ಸಿ ಅಂತ ಮೂರು ಸಲ. ಎಲ್ಲರ ಕಿವಿಗೂ ಬಂದಿರ್ತದೆ."

ಎಲ್ಲರ ಕಿವಿಗೂ. ಆದರೆ ವಿಡಿಯೊದಲ್ಲಿ ಒಬ್ಬರು ಮಾತ್ರ ತಲೆ ಬಗ್ಗಿಸಿ ನುಡಿಸುತ್ತಲೇ ಇದ್ದರು. ಮಿದ್ಲಾಜ್ ಎದ್ದು ಹೋಗಿ ಹೆಗಲು ಮುಟ್ಟಿದ ಮೇಲೆಯೇ ಅವರು ನಿಲ್ಲಿಸಿದ್ದು.

ಅಕ್ಷಿತಾ ಗಡಿಯಾರ ನೋಡಿದಳು. ಮೂರೂವರೆ.

*

ಅವಳು ಪ್ರೇಮನಾಥರನ್ನು ಹೊರಗಿನ ಜಗಲಿಗೆ ಕರೆದಳು.

"ಪ್ರೇಮಣ್ಣ, ಕಳೆದ ವಾರ ಎಲ್ಲರ ಅಚ್ಚು ತೆಗ್ದೆ. ನೀವೊಬ್ರು ಮಾತ್ರ ಇನ್ನೊಂದು ದಿನ ಮಾಡುವ ಅಂದ್ರಿ. ಅಚ್ಚು ತೆಗೆಯುವ ಮೊದಲು ಕಿವಿ ಪರೀಕ್ಷೆ ಮಾಡ್ತೇನೆ ಅಂತ ನಿಮಗೆ ಗೊತ್ತಿತ್ತು. ಎಂತ ಆಯ್ತು ಅಂತ ನೀವೇ ಒಳಗೆ ಹೋಗಿ ಹೇಳಿ. ಅದು ಚಂದ."

ಅವರ ಮುಖ ಬಿಗಿಯಿತು. "ನಿನ್ನೆ ಮೊನ್ನೆ ಬಂದ ನೀನು ನಂಗೆ ಹೇಳುದಾ? ನನ್ನ ಫೋನಿನಲ್ಲಿ ಆ ಆ್ಯಪೇ ಇಲ್ಲ. ನೋಡು ಬೇಕಾದ್ರೆ. ಹೋಗು, ಹೋಗು."

ಒಳಗೆ ಮೊಯ್ದಿನಬ್ಬ ಕಾರಿನ ಕೀ ಹಿಡಿದು ಎದ್ದು ನಿಂತಿದ್ದರು. ಇನ್ನು ದಾಕ್ಷಿಣ್ಯ ನೋಡುತ್ತ ಕೂತರೆ ಒಬ್ಬ ನಿರಪರಾಧಿಯ ಬದುಕು ಹಾಳಾಗುತ್ತದೆ. ಅಕ್ಷಿತಾ ಗಟ್ಟಿ ಮನಸ್ಸು ಮಾಡಿದಳು.

"ಕಾಕಾ, ಐದು ನಿಮಿಷ. ನೀವೂ ಒಂದು ಸೆಟ್ಟು ಕಿವಿಗೆ ಹಾಕಿ. ಎಲ್ಲರೂ ಹಾಕಿ. ಪ್ರೇಮಣ್ಣ, ನೀವೂ."

ಸುದರ್ಶನ ದನಿಯನ್ನು ಸಾಮಾನ್ಯ ಮಾತಿನ ಮಟ್ಟಕ್ಕೆ ಇಳಿಸಿಕೊಟ್ಟ. ಅಕ್ಷಿತಾ ಮಿಕ್ಸರಿನ ಮೇಜಿನ ಹಿಂದೆ ತುಟಿ ಕಾಣದಂತೆ ಬಗ್ಗಿ, ಮೈಕನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಹೇಳಿದಳು:

"ಸುದರ್ಶನ ತಪ್ಪು ಮಾಡ್ಲಿಲ್ಲ ಅಂತ ಎಣಿಸುವವರು ಕೈ ಎತ್ತಿ."

ಮಿದ್ಲಾಜ್ ತಕ್ಷಣ ಎತ್ತಿದ. ಅವಿನ್ ಒಂದು ಕ್ಷಣ ಯೋಚಿಸಿ ಎತ್ತಿದ. ಪ್ರೇಮನಾಥರು ಅತ್ತಿತ್ತ ನೋಡಿದರು. ಮುಗುಳ್ನಕ್ಕು ಎಲ್ಲರಂತೆ ತಾವೂ ಕೈ ಎತ್ತಿದರು.

ಮೊಯ್ದಿನಬ್ಬ ಕಿವಿಯಿಂದ ಸೆಟ್ಟು ಕಿತ್ತರು. "ಎಂತ ಪ್ರೇಮನಾಥ್ರೆ ಇದು? ಅವನೇ ಮಾಡಿದ್ದು ಅಂತ ಆಗ ಹೇಳಿದ್ದು ನೀವಲ್ವಾ?"

ಪ್ರೇಮನಾಥರ ಕೈ ಹಾಗೆಯೇ ಮೇಲೆ ನಿಂತಿತ್ತು. ಅಕ್ಷಿತಾ ಮೈಕಿನಲ್ಲಿ ಏನು ಕೇಳಿದ್ದಳೆಂದು ಅವರಿಗಿನ್ನೂ ತಿಳಿದಿರಲಿಲ್ಲ.

ಅಕ್ಷಿತಾ ಮೇಜಿನ ಹಿಂದಿನಿಂದ ಎದ್ದು ಬಂದು ಅವರೆದುರು ನಿಂತಳು. ತುಟಿ ಕಾಣುವಂತೆ, ಬಿಡಿಸಿ ಬಿಡಿಸಿ ಹೇಳಿದಳು.

"ನಶೀದಾಳಿಗೆ ನೋವು ಮಾಡ್ಬೇಕು ಅಂತ ಇದ್ದವರು ಒಟ್ಟು ಸದ್ದನ್ನೇ ಏರಿಸ್ತಿದ್ರು. ಇಲ್ಲಿ ಏರಿದ್ದು ಕೀಬೋರ್ಡು ಒಂದೇ. ಅಂದ್ರೆ ಯಾರಿಗೋ ಕೀಬೋರ್ಡು ಕೇಳ್ಬೇಕಿತ್ತು. ತನ್ನ ಪುಟ ಅಂತ ಎಣಿಸಿ ನಶೀದಾಳ ಪುಟದಲ್ಲಿ ಏರಿಸಿದ್ರು. ನಾನೋ ನೀವೋ ಆದ್ರೆ, ಎರಡು ಸಲ ಏರಿಸಿಯೂ ನಮ್ಮ ಕಿವಿಗೆ ಹೆಚ್ಚು ಬರದಿದ್ರೆ ಫೋನಿನಲ್ಲೇ ಎಂತದೋ ತಪ್ಪು ಉಂಟು ಅಂತ ನೋಡ್ತೇವೆ. ತುದಿಯ ತನಕ ಏರಿಸ್ತಾ ಹೋಗುದು ಯಾರು ಹೇಳಿ? ಕೇಳಿಸದೇ ಇರುದು ಅಭ್ಯಾಸ ಆದವರು. ತಪ್ಪು ತನ್ನ ಕಿವಿಯದ್ದೇ ಅಂತ ಅವರಿಗೆ ಗ್ಯಾರಂಟಿ ಇರ್ತದೆ."

ಕೆಳಗೆ ಗಿರಣಿ ಓಡುತ್ತಿತ್ತು.

ಪ್ರೇಮನಾಥರು ಕುರ್ಚಿ ಎಳೆದು ಕುಳಿತರು. "ಬೆಳಿಗ್ಗೆ ಅವಳ ಫೋನಿನಲ್ಲಿ ಆ್ಯಪ್ ಓಪನ್ ಆಗ್ಲಿಲ್ಲ. ನನ್ನದರಲ್ಲೇ ಅವಳ ಪುಟ ತೆರೆದು ಸರಿ ಮಾಡಿ ಕೊಟ್ಟೆ. ತೆರೆದದ್ದು ಹಾಗೇ ಉಳಿದಿದೆ. ಆಮೇಲೆ ನೋಡಿ ಗೊತ್ತಾಯ್ತು. ಆ್ಯಪ್ ಅಳಿಸಿಬಿಟ್ಟೆ." ಅವರು ಕಿವಿಯ ಸೆಟ್ಟನ್ನು ತೆಗೆದು ಮಡಿಲಲ್ಲಿಟ್ಟರು. "ಎರಡು ವರ್ಷ ಆಯ್ತು ಕಿವಿ ಮಂದ ಆಗಿ. ಮೂವತ್ತು ವರ್ಷ ಬಾಕ್ಸಿನ ಪಕ್ಕ ಕೂತದ್ದಲ್ವಾ? ಕಿವುಡ ಅಂತ ಗೊತ್ತಾದ್ರೆ ನನ್ನ ತಂಡದಲ್ಲಿ ನಂಗೇ ಜಾಗ ಇರ್ಲಿಕ್ಕಿಲ್ಲ ಅಂತ ಹೆದ್ರಿದೆ."

"ಹೆದ್ರಿ ಈ ಹುಡುಗನನ್ನು ಜೈಲಿಗೆ ಕಳಿಸ್ಲಿಕ್ಕೆ ಹೊರಟ್ರಿ," ಎಂದರು ಮೊಯ್ದಿನಬ್ಬ. ಅವರ ಕಣ್ಣು ಕೆಂಪಾಗಿತ್ತು. "ಕೈತಪ್ಪಿ ಆದದ್ದು ಅಂತ ಮೊದಲೇ ಹೇಳಿದ್ರೆ ನಾನು ಸುಮ್ಮನಾಗ್ತಿದ್ದೆ. ಈಗ ನಶೀದಾ ಹೇಳ್ಲಿ. ಅವಳು ಕಂಪ್ಲೇಂಟ್ ಕೊಡುವ ಅಂದ್ರೆ ನಿಮ್ಮ ಹೆಸರಲ್ಲೇ ಕೊಡ್ತೇನೆ." ಅವರು ಸುದರ್ಶನನ ಬೆನ್ನು ತಟ್ಟಿ, "ತಪ್ಪಾಯ್ತು ಮಗಾ," ಎಂದು ಹೇಳಿ ಮೆಟ್ಟಿಲಿಳಿದರು.

ಪ್ರೇಮನಾಥರು ಎದ್ದು ಸುದರ್ಶನನ ಎದುರು ಬಂದರು. ಕೈ ಮುಗಿಯಲು ಹೋದರು. ಅವನು ಆ ಕೈಗಳನ್ನು ಹಿಡಿದು ಕೆಳಗಿಳಿಸಿದ. ಅವನಿಗೆ ಸಿಟ್ಟೂ ಇತ್ತು, ಅಳುವೂ ಇತ್ತು. ಎರಡನ್ನೂ ಮುಚ್ಚಿಡಲಿಲ್ಲ.

"ಕೇಳುದಿಲ್ಲ ಅಂತ ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತು ಪ್ರೇಮಣ್ಣ," ಎಂದ, ಅವರಿಗೆ ಕೇಳಲೆಂದು ಗಟ್ಟಿಯಾಗಿ. "ಯಾರಿಗೆ ಎಷ್ಟು ಬೇಕೋ ಅಷ್ಟು ಕೇಳಿಸುದೇ ಅಲ್ವಾ ನನ್ನ ಕೆಲಸ? ಅದನ್ನು ನಂಗೆ ಕಲಿಸಿದ್ದೇ ನೀವು."