ಕೋಳಿಗೆ ಹುರಿದ ಅಕ್ಕಿ

"ಝುರ್ರ್ರ್..."

ಮತ್ತೆ ಅದೇ! ಸಲ್ವಾ ತಂತಿಯನ್ನು ಇನ್ನೂ ಬಲವಾಗಿ ಒತ್ತಿದಳು. ಬೆರಳು ಕೆಂಪಾಯಿತೇ ಹೊರತು ತಂತಿಗೆ ಬುದ್ಧಿ ಬರಲಿಲ್ಲ. ಬಾಟಲಿಯೊಳಗೆ ಸಿಕ್ಕಿಬಿದ್ದ ನೊಣದ ಹಾಗೆ ಮತ್ತೆ ಝುರ್ರ್ ಎಂದಿತು.

"ಲೇ ಹುಡುಗೀ, ನನ್ನ ಸವತಿಗೆ ನೆಗಡಿಯೇನೇ?" ಅಡುಗೆಮನೆಯಿಂದ ಅಜ್ಜಿ ಕೂಗಿದಳು. "ನನ್ನ ಕಿವಿ ತೂತು ಬೀಳ್ತಿದೆ. ಮುಚ್ಚಿಡು ಆ ಹಾಳು ಹಲಗೇನ!"

ಅಜ್ಜಿಯ ಸವತಿ ಅಂದರೆ ತಾತನ ಎಲೆಕ್ಟ್ರಿಕ್ ಗಿಟಾರು. ಮದುವೆಯಾದ ಹೊಸದರಲ್ಲಿ ತಾತ ಅದನ್ನು ಹೆಗಲಿಗೆ ಹಾಕಿಕೊಂಡು ದೋಣಿ ಹತ್ತಿದರೆ ಮುಗಿಯಿತು, ಮುವಾರ್ ನದಿಯ ಎರಡೂ ದಡದ ಮದುವೆಮನೆಗಳನ್ನು ಸುತ್ತಿಯೇ ವಾಪಸ್ ಬರುತ್ತಿದ್ದನಂತೆ. ಆಗಿನಿಂದ ಅಜ್ಜಿ ಗಿಟಾರನ್ನು ಬೈಯುವುದು ನಿಲ್ಲಿಸಿಲ್ಲ.

ಒಳಗಿನಿಂದ ಅಕ್ಕಿ ಹುರಿಯುವ ಘಮ ಬರುತ್ತಿತ್ತು. ಶುಕ್ರವಾರ ರಜೆ, ಗುರುವಾರ ಅರ್ಧ ದಿನ ಸ್ಕೂಲು. ಸಲ್ವಾ ಮನೆಗೆ ಬರುವ ಹೊತ್ತಿಗೆ ಅಜ್ಜಿ ಒಂದು ಬಾಣಲೆ ಅಕ್ಕಿ ಹುರಿಯುತ್ತಿರುತ್ತಾಳೆ. ಯಾಕಜ್ಜಿ ಅಂದರೆ "ಕೋಳಿಗೆ" ಅನ್ನುತ್ತಾಳೆ. ಏನು ಪುಣ್ಯ ಮಾಡಿದ್ದವೋ ಆ ಕೋಳಿಗಳು!

ಆದರೆ ಸಲ್ವಾಳಿಗೆ ಈಗ ಕೋಳಿಯ ಚಿಂತೆ ಇರಲಿಲ್ಲ. ಮುಂದಿನ ವಾರ ಶುಕ್ರವಾರ ಅಜ್ಮಾನ್ ಚಿಕ್ಕಪ್ಪನ ಮದುವೆ. ತಾತನ ಹಳೇ ಬ್ಯಾಂಡಿನವರು ಬಂದು ಹಾಡು ಬಾರಿಸುತ್ತಾರೆ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ತಾತನ ಎಡಗೈ ಬಿದ್ದುಹೋಗಿದೆ. ಹಾಗಾಗಿ ತಾತನ ಜಾಗದಲ್ಲಿ ಈ ಸಲ ಸಲ್ವಾ! ಚಿಕ್ಕಪ್ಪನ ಗಿಟಾರಿನಲ್ಲಿ ಹಾಡು ಕಲಿತು, ಕ್ಲಾಸಿಗೆಲ್ಲ ಸಾರಿಬಿಟ್ಟಿದ್ದಳು. ನಿನ್ನೆ ಚಿಕ್ಕಪ್ಪ ತಾತನ ಗಿಟಾರನ್ನು ಪೆಟ್ಟಿಗೆಯಿಂದ ತೆಗೆದು ಹೊಸ ತಂತಿ ಹಾಕಿಕೊಟ್ಟಿದ್ದ. ಬಾರಿಸಲು ಕೂತರೆ ಈ ಝುರ್ರ್.

ಜಗಲಿಯ ಕುರ್ಚಿಯಿಂದ ತಾತ ಹೇಳಿದ, "ಸಾಕು ಬಿಡು ಕಂದ. ಅದಕ್ಕೂ ನನ್ನ ಹಾಗೇ ವಯಸ್ಸಾಯ್ತು. ಅಟ್ಟಕ್ಕೆ ಹಾಕ್ಸಿಬಿಡು."

"ಅಟ್ಟಕ್ಕಾ?" ಸಲ್ವಾಳ ಕಣ್ಣು ತುಂಬಿತು. "ರಿಪೇರಿ ಮಾಡೋಕಾಗಲ್ವಾ ತಾತ?"

"ಆಗುತ್ತೆ. ಆದ್ರೆ ಅದಕ್ಕೆ ಎರಡು ಕೈ ಬೇಕು."

"ನನ್ನ ಹತ್ರ ಎರಡಿದೆಯಲ್ಲ! ನಿಂದೊಂದು. ಒಟ್ಟು ಮೂರಾಯ್ತು!"

ತಾತ ಅವಳನ್ನೇ ನೋಡಿದ. ಆಮೇಲೆ ಜೋರಾಗಿ ನಕ್ಕುಬಿಟ್ಟ. "ತಗೊಂಬಾ ಹಾಗಾದ್ರೆ, ನೋಡೇಬಿಡೋಣ."

ಗಿಟಾರು ಇಬ್ಬರ ತೊಡೆಯ ಮೇಲೂ ಮಲಗಿತು. ಸಲ್ವಾ ಒತ್ತುವುದು, ತಾತ ಬಲಗೈಯಿಂದ ಮೀಟುವುದು. ಕತ್ತಿನ ಮೇಲಿನ ಲೋಹದ ಪಟ್ಟಿಗಳಿಗೆ ತಾತ ಮೆಟ್ಟಿಲು ಅನ್ನುತ್ತಾನೆ. ಎಷ್ಟು ದಿನವಾಗಿತ್ತೋ ಆ ಕೈ ತಂತಿ ಮುಟ್ಟಿ!

"ಮೊದಲನೇ ಮೆಟ್ಟಿಲು ಒತ್ತು."

ಝುರ್ರ್.

"ಎರಡನೇದು. ಮೂರನೇದು."

ಝುರ್ರ್, ಝುರ್ರ್. ಆದರೆ ಮುಂದೆ ಹೋದ ಹಾಗೆ ಗೊರಕೆ ಕಡಿಮೆಯಾಯಿತು. ಹತ್ತನೇ ಮೆಟ್ಟಿಲಿನಲ್ಲಿ ದನಿ ಸ್ವಚ್ಛವಾಗಿತ್ತು.

"ಅಂದ್ರೆ ರೋಗ ತಲೆ ಕಡೆ ಇದೆ" ಎಂದ ತಾತ. "ಈಗ ಒಂದೇ ತಂತೀನ ಮೊದಲ ಮೆಟ್ಟಿಲಲ್ಲೂ ಕೊನೇ ಮೆಟ್ಟಿಲಲ್ಲೂ ಒತ್ತಿ ಹಿಡ್ಕೊ. ನಡುವೆ ಸಂದಿ ಕಾಣುತ್ತಾ?"

ಸಲ್ವಾ ಒಂದು ಕಣ್ಣು ಮುಚ್ಚಿ ನೋಡಿದಳು. "ಎಲ್ಲಿದೆ ಸಂದಿ? ಪೂರ್ತಿ ಅಂಟ್ಕೊಂಡಿದೆ."

"ನಿನ್ನ ಚಿಕ್ಕಪ್ಪನ ಮದುವೆ ಕಾರ್ಡು ತೂರುವಷ್ಟಾದ್ರೂ ಇರ್ಬೇಕು. ಕತ್ತು ಹಿಂದಕ್ಕೆ ಬಾಗಿದೆ. ತಂತಿಗೆ ಕುಣಿಯೋಕೆ ಜಾಗ ಇಲ್ಲ, ಮೆಟ್ಟಿಲಿಗೆ ಹೋಗಿ ಬಡೀತಿದೆ." ತಾತ ಹುಬ್ಬು ಗಂಟಿಕ್ಕಿದ. "ಅಲ್ಲಾ, ಮರ ಒಣಗಿದ್ರೆ ತಾನೇ ಹೀಗಾಗೋದು? ನಮ್ಮನೇಲಿ ಮರ ಒಣಗೋದು ಅಂದ್ರೇನು!"

ಅದೂ ನಿಜ. ಮನೆಯ ಪಕ್ಕದಲ್ಲೇ ಕಾಲುವೆ. ಎರಡು ದಿನ ಹಾಕದಿದ್ದರೆ ಸ್ಕೂಲ್ ಶೂಗೆ ಬೂಸ್ಟು ಹಿಡಿಯುತ್ತದೆ. ತೇವಕ್ಕೆ ಹತ್ತದ ಬೆಂಕಿಕಡ್ಡಿ ಗೀರಿ ಗೀರಿ ಅಜ್ಜಿ ಶಾಪ ಹಾಕುತ್ತಾಳೆ.

"ಇರ್ಲಿ. ಪೆಟ್ಟಿಗೇಲಿ ಒಂದು ಪುಟ್ಟ ಕೀ ಇದೆ, ತಗೊಂಬಾ."

ಸಲ್ವಾ ಪೆಟ್ಟಿಗೆಯ ಮೂಲೆ ಮೂಲೆ ತಡಕಿದಳು. ಕೀ ಸಿಕ್ಕಿತು. ಗಿಟಾರಿನ ಕತ್ತು ಮಲಗುವ ಕಡೆ ಮಖಮಲ್ ಬಟ್ಟೆ ಸ್ವಲ್ಪ ಉಬ್ಬಿತ್ತು. ಎತ್ತಿ ನೋಡಿದರೆ ಸಾಲಾಗಿ ಪುಟ್ಟ ಪುಟ್ಟ ಗಂಟುಗಳು! ನೀಲಿ ಹೂವಿನ ಹಳೇ ಬಟ್ಟೆಯಲ್ಲಿ ನೀಟಾಗಿ ಹೊಲಿದದ್ದು. ಮೂಗಿಗೆ ಹಿಡಿದರೆ ಗೊತ್ತಿರುವ ಘಮ. ಹುರಿದ ಅಕ್ಕಿ!

"ತಾತಾ, ಇಲ್ನೋಡು!"

ತಾತ ಒಂದು ಗಂಟನ್ನು ತೆಗೆದುಕೊಂಡು ಮೂಸಿದ. ಹೆಬ್ಬೆರಳಿನಿಂದ ನೀಲಿ ಹೂವನ್ನು ಸವರಿದ.

"ಇದು ನಿನ್ನಜ್ಜಿ ಮದುವೆಯಾದ ವರ್ಷ ಉಡ್ತಿದ್ದ ಸರೋಂಗಿನ ಬಟ್ಟೆ" ಎಂದ. "ಉಪ್ಪಿನ ಡಬ್ಬೀಗೆ ನಾಲ್ಕು ಕಾಳು ಅಕ್ಕಿ ಹಾಕ್ತಾಳಲ್ಲ, ತೇವ ಹೀರ್ಕೊಳ್ಳಲಿ ಅಂತ? ಹಾಗೆ. ಗಿಟಾರಿಗೆ ಬೂಸ್ಟು ಹಿಡೀದೇ ಇರ್ಲಿ ಅಂತ."

ಸಲ್ವಾಳ ತಲೆಯಲ್ಲಿ ಎಲ್ಲ ಒಟ್ಟಿಗೆ ಓಡಿತು. ಗುರುವಾರಗಳು, ಬಾಣಲೆ, ಕೋಳಿ. "ಅಯ್ಯೋ! ಹಾಗಾದ್ರೆ ಅತಿಯಾಗಿ ಒಣಗ್ಸಿ ಹಾಳು ಮಾಡಿದ್ದು ಅಜ್—"

ತಾತನ ಪಾದ ಅವಳ ಪಾದವನ್ನು ಮೆಲ್ಲಗೆ ಒತ್ತಿತು. ಕರಿದ ಮರಗೆಣಸಿನ ತಟ್ಟೆ ಹಿಡಿದು ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಸಲ್ವಾ ಗಂಟುಗಳ ಮೇಲೆ ಲಂಗ ಎಳೆದುಕೊಂಡಳು.

"ಏನು ಗುಸುಗುಸು ಇಬ್ರದ್ದೂ?"

"ನಿನ್ನ ಸವತಿಗೆ ಔಷಧಿ" ಎಂದ ತಾತ.

"ಮಾಡಿ ಮಾಡಿ, ನಂಗೇನಾಗ್ಬೇಕು!" ಎಂದು ಅಜ್ಜಿ ತಟ್ಟೆ ಇಟ್ಟಳು. ಆದರೆ ಒಳಗೆ ಹೋಗದೆ ಸುಮ್ಮಸುಮ್ಮನೆ ಬಾಗಿಲು ಒರೆಸುತ್ತಾ ಸ್ವಲ್ಪ ಹೊತ್ತು ನಿಂತೇ ಇದ್ದಳು. ಸಲ್ವಾ ಅದನ್ನು ನೋಡಿದಳು.

ಅಜ್ಜಿ ಹೋದ ಮೇಲೆ ತಾತ ಗಿಟಾರಿನ ತಲೆಯ ಹತ್ತಿರದ ಪುಟ್ಟ ತೂತು ತೋರಿಸಿದ. "ಕತ್ತಿನೊಳಗೆ ಉದ್ದಕ್ಕೂ ಒಂದು ಕಬ್ಬಿಣದ ಸರಳಿದೆ. ಕೀ ಹಾಕಿ ಎಡಕ್ಕೆ ಕಾಲು ಸುತ್ತು ಸಡಿಲಿಸು. ಅಷ್ಟೇ. ಹಟ ಮಾಡಿದ್ರೆ ಮುರಿಯುತ್ತೆ."

ಸಲ್ವಾ ಕೀ ಹಾಕಿದಳು. ಬಿಸ್ಮಿಲ್ಲಾ ಎಂದು ತಿರುಗಿಸಿದಳು. ಒಳಗೆ ಎಲ್ಲೋ ಕಿರ್ ಎಂದಿತು. ಅವಳು ಥಟ್ಟನೆ ಕೈ ತೆಗೆದಳು.

"ಏನಾಗಿಲ್ಲ, ಮೈ ಮುರೀತಿದೆ ಅಷ್ಟೇ. ಸ್ವಲ್ಪ ಹೊತ್ತು ಸುಮ್ನೆ ಬಿಡು, ಮರ ಹೊಂದ್ಕೊಳ್ಲಿ."

ಇಬ್ಬರೂ ಮರಗೆಣಸು ತಿನ್ನುತ್ತಾ ಕೂತರು. ತಾತ ಕಾಲುವೆ ನೋಡುತ್ತಾ ಹೇಳಿದ, "ಅವಳನ್ನ ಮೊದಲು ನೋಡಿದ್ದೂ ಒಂದು ಮದುವೇಲೇ ಕಣೇ. ಊರೆಲ್ಲ ಸ್ಟೇಜ್ ಮುಂದೆ. ಇವಳೊಬ್ಳು ಅಡುಗೆ ಚಪ್ಪರದಲ್ಲಿ ಈರುಳ್ಳಿ ಸುಲೀತಾ ಕಣ್ಣೀರು ಹಾಕ್ತಿದ್ಲು. ಆಹಾ, ನನ್ನ ಗಿಟಾರಿಗೇ ಅಳ್ತಿದ್ದಾಳೆ ಅಂದ್ಕೊಂಡೆ. ಈರುಳ್ಳಿಗೆ ಅಂತ ಗೊತ್ತಾಗಿದ್ದು ಮದುವೆಯಾದ್ಮೇಲೆ!"

ಸಲ್ವಾ ಬಿದ್ದು ಬಿದ್ದು ನಕ್ಕಳು. ತಾತನೂ ನಕ್ಕ. ನಗುತ್ತಾ ನಗುತ್ತಾ ಗಂಟನ್ನು ಮತ್ತೊಮ್ಮೆ ಮೂಸಿದ.

ಆಮೇಲೆ ಶ್ರುತಿ ಮಾಡಿದರು. ಮದುವೆ ಕಾರ್ಡು ಸಂದಿಯಲ್ಲಿ ಸಲೀಸಾಗಿ ತೂರಿತು. ಸಲ್ವಾ ಮೊದಲ ಮೆಟ್ಟಿಲು ಒತ್ತಿದಳು, ತಾತ ಮೀಟಿದ. ಗೊರಕೆಯಿಲ್ಲ, ನೊಣವಿಲ್ಲ! ತಾತ ಕಣ್ಣು ಮುಚ್ಚಿಕೊಂಡ.

"ಈ ಗಂಟುಗಳನ್ನ ಏನ್ ಮಾಡೋದು?"

"ಎಲ್ಲಿತ್ತೋ ಅಲ್ಲೇ ಇಡು."

"ಮತ್ತೆ ಝುರ್ರ್ ಅನ್ನುತ್ತಲ್ಲ ತಾತ!"

"ಅಂದ್ರೆ ಅನ್ಲಿ. ಮತ್ತೆ ರಿಪೇರಿ ಮಾಡೋಣ. ಅವಳಿಗೆ ಮಾತ್ರ ಹೇಳ್ಬೇಡ."

ಮದುವೆಯ ಹಿಂದಿನ ದಿನವೂ ಗುರುವಾರ. ಮನೆ ತುಂಬ ಜನ. ಅಂಗಳದಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅಷ್ಟು ಗಲಾಟೆಯಲ್ಲೂ ಅಡುಗೆಮನೆಯಿಂದ ಅದೇ ಘಮ! ಸಲ್ವಾಳಿಗೆ ಗಾಬರಿಯಾಯಿತು. ನಾಳೆಯೇ ಮದುವೆ. ಈ ಅಕ್ಕಿಯೂ ಪೆಟ್ಟಿಗೆಗೆ ಹೋದರೆ ಗತಿಯೇನು? ಹೇಳಿದರೆ ಅಜ್ಜಿಗೆ ನೋವಾಗುತ್ತದೆ. ಹೇಳದಿದ್ದರೆ ಊರ ಮುಂದೆ ಝುರ್ರ್!

ಒಲೆಯ ಮುಂದೆ ಅಜ್ಜಿ ಒಬ್ಬಳೇ ಸೌಟು ಆಡಿಸುತ್ತಿದ್ದಳು.

"ಅಜ್ಜೀ, ಅದು ಯಾರಿಗೆ?"

"ಕೋಳಿಗೆ."

"ಕೋಳಿಗಳೆಲ್ಲ ನಾಳೆ ಸಾರಿಗೆ ಬೀಳ್ತವಲ್ಲ!"

"ಇರ್ಲಿ ಬಿಡೇ, ಅಲ್ಲೀವರೆಗಾದ್ರೂ ತಿನ್ಲಿ!"

ಸಲ್ವಾ ಬಾಣಲೆ ನೋಡಿದಳು, ಅಜ್ಜಿಯ ಬೆವೆತ ಮುಖ ನೋಡಿದಳು. "ಇಷ್ಟೊಂದು ಬೇಡ ಅಜ್ಜಿ. ಜಾಸ್ತಿ ತಿಂದ್ರೆ ಕೋಳಿ ಗಂಟಲು ಒಣಗುತ್ತೆ. ಕೂಗೋಕೇ ಆಗಲ್ಲ. ಒಂದು ಹಿಡಿ ಸಾಕು."

ಅಜ್ಜಿಯ ಸೌಟು ನಿಂತಿತು.

"ಒಂದು ಹಿಡಿ ಮಾತ್ರ ಬೇಕೇ ಬೇಕು" ಎಂದಳು ಸಲ್ವಾ. "ಇಲ್ದಿದ್ರೆ ಬೂಸ್ಟು ಹಿಡಿಯುತ್ತೆ."

ಅಜ್ಜಿ ಒಲೆಯಿಂದ ಬಾಣಲೆ ಇಳಿಸಿದಳು. ಒಂದು ಹಿಡಿ ಅಕ್ಕಿ ತೆಗೆದು ಬದಿಗಿಟ್ಟಳು. ಉಳಿದದ್ದನ್ನು ಅಂಗಳಕ್ಕೆ ಚೆಲ್ಲಿದಳು. ಕೋಳಿಗಳು ಹೋ ಎಂದು ಓಡಿಬಂದವು. ಹುರಿದ ಅಕ್ಕಿಯ ರುಚಿ ಅವಕ್ಕೆ ಅವತ್ತೇ ಗೊತ್ತಾದದ್ದು.

"ನಿಮ್ಮ ತಾತಂಗೆ ಗೊತ್ತಾ?" ಅಜ್ಜಿ ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಏನು ಅಜ್ಜಿ?"

"ಏನಿಲ್ಲ, ಹೋಗು." ತಲೆವಸ್ತ್ರದ ತುದಿಯಲ್ಲಿ ಮುಖ ಒರೆಸಿಕೊಂಡಳು. "ಹೊಗೆ ನೋಡು, ಥೂ."

ಶುಕ್ರವಾರ ಮಧ್ಯಾಹ್ನ ಮದುವೆಯ ಊಟ ಜೋರಾಗಿ ನಡೆದಿತ್ತು. ತಾತನ ಬ್ಯಾಂಡಿನ ಗೆಳೆಯರು ಹಳೇ ಕೋಟು ಹಾಕಿಕೊಂಡು ಬಂದಿದ್ದರು. ಗುಂಡಿ ಒಬ್ಬರದ್ದೂ ಹಾಕಲಾಗುತ್ತಿರಲಿಲ್ಲ. ಕ್ಲಾಸಿನ ಹುಡುಗಿಯರು ಮುಂದಿನ ಸಾಲಿನಲ್ಲೇ ಕೂತಿದ್ದರು. ತಾತ ಸ್ಟೇಜಿನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡಿದ್ದ.

ಸಲ್ವಾ ಗಿಟಾರು ಹಾಕಿಕೊಂಡು ಸುತ್ತ ನೋಡಿದಳು. ಇಡೀ ಊರು ಎದುರಿಗಿತ್ತು. ಅಜ್ಜಿ ಮಾತ್ರ ಇರಲಿಲ್ಲ. ದೂರದ ಅಡುಗೆ ಚಪ್ಪರದಲ್ಲಿ, ಈ ಕಡೆಗೆ ಬೆನ್ನು ಹಾಕಿ ಈರುಳ್ಳಿ ಸುಲಿಯುತ್ತಾ ಕೂತಿದ್ದಳು. ಊಟ ಅರ್ಧ ಮುಗಿದಿತ್ತು. ಇನ್ನು ಯಾರಿಗೂ ಈರುಳ್ಳಿ ಬೇಕಿರಲಿಲ್ಲ.

"ಶುರು ಮಾಡು ಮರೀ, ಏನು ನೋಡ್ತಿದ್ದೀಯ?" ತಾತನ ಡ್ರಮ್ಮಿನ ಗೆಳೆಯ ಅವಸರ ಮಾಡಿದ.

"ಒಂದ್ ನಿಮಿಷ" ಎಂದಳು ಸಲ್ವಾ.

ಅವಳು ಬಗ್ಗಿ, ಎರಡೂ ಕೈಯಿಂದ ಸ್ಪೀಕರ್ ಪೆಟ್ಟಿಗೆಯನ್ನು ಹಿಡಿದು, ಅದರ ಮುಖವನ್ನು ಮೆಲ್ಲಗೆ ಅಡುಗೆ ಚಪ್ಪರದ ಕಡೆಗೆ ತಿರುಗಿಸಿದಳು. ಆಮೇಲೆ ತಂತಿ ಮೀಟಿದಳು.