ಎಕಂಬಾದ ತಲವಾರ

"ಅದೊಂದು ತಲವಾರಕ್ಕ ಎಣ್ಣಿ ಬ್ಯಾಡ್ರಿ ಸಾಹೇಬ. ಜಂಗ ಹಿಡಿದು ಸಾಯ್ಲಿ ಅದು."

ಮರಿಯಮಬೀ ಎಣ್ಣೆಯ ಬಟ್ಟಲನ್ನು ಹಿಂದಕ್ಕೆ ಸರಿಸಿಕೊಂಡಳು. ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಚಳಿಗಾಲವದು. ಹಳ್ಳಿಗಳಿಂದ ಕಸಿದು ತಂದ ಕತ್ತಿಗಳು ಭಾಲ್ಕಿಯ ಹಳೆಯ ಕೋಟೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಕಟ್ಟಿಗೆಯಂತೆ ರಾಶಿ ಬಿದ್ದಿದ್ದವು. ಅವಕ್ಕೆ ಜಂಗ, ಅಂದರೆ ತುಕ್ಕು, ಹತ್ತದಂತೆ ಲವಂಗ ಹಾಕಿ ಕಾಸಿದ ಎಳ್ಳೆಣ್ಣೆ ಸವರುವುದು ಅವಳ ಕೆಲಸ.

"ಯಾಕ?" ಎಂದ ದತ್ತಾತ್ರಿ. ಸೊಲ್ಲಾಪುರದಿಂದ ಹೊಸದಾಗಿ ಬಂದ ಜಮಾದಾರ.

"ಎಕಂಬಾದ ಸುಭದ್ರಾಬಾಯಿಯ ಎರಡೂ ಮಕ್ಕಳನ್ನ ಇದರಿಂದ ಕಡದಾರ್ರಿ. ಆಕಿ ಉಪ್ಪುನೀರಿಲೆ ಇದನ್ನ ತೊಳದು ಮಾಟ ಹಾಕ್ಯಾಳ. ಹೊಳಪ ಮಾಡಿ ಎಣ್ಣಿ ಹಚ್ಚಿದವರ ಮೈಗಿ ಜಂಗ ಹಿಡೀತದ."

ದತ್ತಾತ್ರಿ ನಕ್ಕ. "ಅಷ್ಟು ಮಾಟ ಬಲ್ಲಾಕಿ, ಮಕ್ಕಳನ್ನ ಯಾಕ ಉಳಿಸ್ಕೊಳ್ಳಲಿಲ್ಲ?"

ಅವನು ಕತ್ತಿಯನ್ನು ಗೋಣಿಚೀಲದಲ್ಲಿ ಸುತ್ತಿ, ಎಣ್ಣೆಯ ಬಟ್ಟಲಿನ ಜೊತೆ ಮನೆಗೆ ಒಯ್ದ.

ಇಟ್ಟಿಗೆಪುಡಿ ಹಾಕಿ ತಿಕ್ಕಿದ. ತುಕ್ಕಿನ ಪದರ ಕಳಚಿದಂತೆ ಅಲಗಿನ ಮೇಲೆ ಕೆರೆಯ ತೆರೆಗಳಂಥ ಗೆರೆಗಳು ಎದ್ದವು. ಎಣ್ಣೆ ಸವರಿದ. ಲವಂಗದ ಘಮ ಮನೆ ತುಂಬಿತು. ಅದರ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು, ಕಸಾಯಿಯ ಕಟ್ಟೆಯದು.

ಮೊದಲು ಅಂಗೈಯಲ್ಲಿ ಕಂದು ಚುಕ್ಕೆ. ಆಮೇಲೆ ಉಗುರು, ಗೆಣ್ಣು, ಮಣಿಕಟ್ಟು. ಮಜ್ಜಿಗೆ ಕುಡಿದರೂ ಬಾಯಲ್ಲಿ ಕಬ್ಬಿಣದ ರುಚಿ. ಬೆರಳು ಮಡಚಿದರೆ ಹಳೆಯ ಬಾಗಿಲಿನಂತೆ ಕಿರುಗುಡುತ್ತಿತ್ತು. ಬೆಳಗಾದರೆ ಹಾಸಿಗೆಯ ಮೇಲೆ ಕೆಂಪು ಪುಡಿ. ಬೀದರಿನ ವೈದ್ಯರ ಮುಲಾಮು ನಾಟಲಿಲ್ಲ. ತಿರುಗಿ ತುಕ್ಕು ಹಿಡಿಯಲೆಂದು ಕತ್ತಿಯನ್ನು ಒದ್ದೆ ಉಪ್ಪಿನಲ್ಲಿ ಹೂತು ನೋಡಿದ. ಹೊರತೆಗೆದಾಗ ಅದು ಮೊದಲಿಗಿಂತ ಹೆಚ್ಚು ಹೊಳೆಯಿತು. ನಕ್ಕವನಿಗೆ ಈಗ ನಾಚಿಕೆ; ಹೆಂಡತಿ ಚಂದ್ರಭಾಗಾಳಿಗೆ ಮಾಟದ ಸುದ್ದಿ ಹೇಳಲಿಲ್ಲ. ಒಂದು ಮುಂಜಾನೆ, ಕತ್ತಿಯನ್ನು ಗೋಡೆಯ ಗೂಟಕ್ಕೆ ತೂಗುಬಿಟ್ಟು ಎಕಂಬಾಕ್ಕೆ ಹೊರಟ.

ಸುಭದ್ರಾಬಾಯಿ ಕುರಿದೊಡ್ಡಿಯಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ಅವನು ಕೈ ಚಾಚಿ ಕಾಲಿಗೆ ಬಿದ್ದ.

"ತೆಗೀರಿ ಅವ್ವಾ."

"ತೆಗ್ಯಾಕ ಬರೂದಿಲ್ಲ. ಎಲ್ಲಾರಿಗಿಂತ ಕಡೀಗಿ ಎಣ್ಣಿ ಹಚ್ಚಿದ ಕೈ ಯಾವುದೋ, ಅದನ್ನ ತಿಂತದ."

"ಬ್ಯಾರೆಯವರು ಹಚ್ಚಿದ್ರ?"

ಆಗ ಅವಳು ಮೊದಲ ಬಾರಿ ಮುಖವೆತ್ತಿ ನೋಡಿದಳು. "ಅವರನ್ನ ತಿಂತದ. ನಿನ್ನ ಬಿಡ್ತದ."

ವಾಪಸಾಗುವಾಗ, ಔರಾದ ದಾಟಿದ ಮೇಲೆ, ಗಾಡಿಯಲ್ಲಿ ಕೂತಿದ್ದಾಗಲೇ ಅವನ ಕಿರುಬೆರಳು ಅಲುಗಿತು. ಕಂದು ಪೊರೆ ಉದುರಿತು. ಒಳಗೆ ಎಳೆಗೂಸಿನಂಥ ಚರ್ಮ. ದತ್ತಾತ್ರಿ ಗಟ್ಟಿಯಾಗಿ ನಕ್ಕ. ಮುಷ್ಟಿ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ.

ನಗು ನಿಂತಿತು.

ಕತ್ತಿ ಮನೆಯಲ್ಲಿತ್ತು.

ಭಾಲ್ಕಿ ಮುಟ್ಟುತ್ತಲೇ ಗಾಡಿಯಿಂದ ಹಾರಿದ. ಓಡಿದ. ಓಣಿ ತಿರುಗಿದ. ಉಸಿರು ಸಾಲಲಿಲ್ಲ. ಬಾಗಿಲು ತೆರೆದಿತ್ತು. ಲವಂಗದ ಘಮ. ಗೂಟದಲ್ಲಿ ಕತ್ತಿ. ಅಲಗಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

ಚಂದ್ರಭಾಗಾ ಒಲೆಯ ಮುಂದೆ ಕೂತಿದ್ದಳು. "ಬಂದ್ರ್ಯಾ? ನಿಮ್ಮ ಕೈಲೆ ಆಗವಲ್ದು ಅಂತ ನಾನ ಎಣ್ಣಿ ಹಚ್ಚೀನ್ರಿ. ನಿಮಗ ಅದರ ಮ್ಯಾಲ ಭಾಳ ಜೀವ ಅಲ್ರೀ." ಅವಳು ಬಲಗೈ ಮುಂದೆ ಚಾಚಿದಳು. ಮಣಿಕಟ್ಟಿನವರೆಗೆ ಕಂದು. "ಬೆರಳ ಯಾಕೋ ನಿಮ್ಮಂಗ ಮಡಚಾಕ ಬರವಲ್ದು. ನೋಡ್ರಿ, ಏನಾಗ್ಯದ?"

ಅವಳ ಪಕ್ಕದಲ್ಲೇ ಬಟ್ಟಲು. ಅರ್ಧ ಎಣ್ಣೆ. ಬೆರಳು ಅದ್ದಿ ಅಲಗಿಗೆ ಒಮ್ಮೆ ಎಳೆದರೆ ಸಾಕು, ಅವಳು ಉಳಿಯುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು. ಕೈ ಬಟ್ಟಲಿನತ್ತ ಹೋಯಿತು. ಹೊಸ ಚರ್ಮ ಒಲೆಯ ಬೆಳಕಿನಲ್ಲಿ ಗುಲಾಬಿಯಾಗಿ ಮಿನುಗಿತು. ಕೈ ನಿಂತಿತು.

"ರೀ?"

"ಏನಿಲ್ಲ," ಎಂದ ದತ್ತಾತ್ರಿ. "ಉಷ್ಣ ಆಗಿರಬೇಕು. ಮಲ್ಕೋ."

ಬಟ್ಟಲೆತ್ತಿಕೊಂಡು ಹಿತ್ತಲಿಗೆ ಹೋದ. ಎಣ್ಣೆಯನ್ನು ಮಣ್ಣಿಗೆ ಸುರಿದ. ನಿಧಾನವಾಗಿ, ಒಂದು ಹನಿಯೂ ಕೈಗೆ ತಾಗದಂತೆ.