ಮಡಿಕೆಯೊಳಗಿನ ಖಾಕಿ

"ಈ ಸೈನಿಕರ ಬಟ್ಟೆಯೆಲ್ಲಾ ತಪ್ಪು ಕಣ್ರೀ!"

ಜಗದಾಂಬಾಳ ಕೈಯಲ್ಲಿದ್ದ ಕುಂಚ ಅಲ್ಲೇ ನಿಂತಿತು.

ರಾಜಾಜಿನಗರದ ಆ ಶಾಲೆಯಲ್ಲಿ ಅವಳು ಡ್ರಾಯಿಂಗ್ ಟೀಚರ್. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡುವ ನವೆಂಬರ್ ಹತ್ತಿರವಾಗುತ್ತಿತ್ತು. ಆ ಸಂಭ್ರಮದ ಪ್ರದರ್ಶನಕ್ಕೆಂದು, ಮೊದಲ ಮಹಾಯುದ್ಧಕ್ಕೆ ಹೋದ ಮೈಸೂರು ಕುದುರೆ ಸವಾರರ ಪುಟ್ಟ ಬೊಂಬೆಗಳನ್ನು ಮಾಡಿದ್ದಳು. ಬೆರಳುದ್ದದ ಒಬ್ಬೊಬ್ಬನಿಗೂ ಕೆಂಪು ಕೋಟು, ಚಿನ್ನದ ಪಟ್ಟಿ. ಎಲ್ಲರೂ ಹೊಗಳಿದ್ದರು. ಈಗ ಯಾರೋ ಅಪರಿಚಿತ, ಎಲ್ಲರೆದುರು...

"ಅದನ್ನ ಹೇಳೋಕೆ ನೀವ್ಯಾರು?"

"ಗುರುಬಸಪ್ಪ. ವಿಜಯನಗರದ ಕಾಲೇಜಲ್ಲಿ ಹಿಸ್ಟರಿ ಲೆಕ್ಚರರ್. ನಿಮ್ಮ ಹೆಡ್‌ಮಾಸ್ಟರೇ ನೋಡೋಕೆ ಕರೆಸಿದ್ದು. ಇದು ಮೆರವಣಿಗೆ ಬಟ್ಟೆ ಮೇಡಂ. ಯುದ್ಧಕ್ಕೆ ಅವರು ಖಾಕಿ ಹಾಕ್ಕೊಂಡು ಹೋಗಿದ್ರು."

"ಯಾವ ಖಾಕಿ? ಪೊಲೀಸ್ ಖಾಕಿನಾ, ಪೋಸ್ಟ್‌ಮ್ಯಾನ್ ಖಾಕಿನಾ?"

ಅವನು ಒಂದು ಬೊಂಬೆಯನ್ನು ತಿರುಗಿಸಿ ನೋಡಿದ.

"ಅದು... ಗೊತ್ತಿಲ್ಲ. ಫೋಟೋಗಳೆಲ್ಲ ಕಪ್ಪು ಬಿಳುಪು."

ಅಷ್ಟು ಕೋಪದಲ್ಲೂ ಅವಳಿಗೆ ನಗು ಬಂತು. ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋ ಗಂಡಸು!

ಇಬ್ಬರೂ ಹುಡುಕಲು ಹೊರಟರು. ಲೈಬ್ರರಿಯಲ್ಲಿ ಒಂದೇ ಭೂತಗನ್ನಡಿಯ ಮೇಲೆ ಬಾಗಿ ಹಳೆಯ ಫೋಟೋಗಳನ್ನು ನೋಡಿದರು. ಗುಂಡಿನ ಪಟ್ಟಿ ಯಾವ ಹೆಗಲಿಗೆ, ರುಮಾಲಿನ ತುದಿ ಎತ್ತ ಇಳಿಯುತ್ತದೆ... ಎಲ್ಲ ಸಿಕ್ಕಿತು. ಬಣ್ಣ ಮಾತ್ರ ಸಿಗಲಿಲ್ಲ. ಅವನ ಕೂದಲು ತನ್ನ ಹಣೆಗೆ ತಾಕಿದಾಗ ತನ್ನೆದೆ ಯಾಕೆ ಹಾಗೆ ಹೊಡೆದುಕೊಂಡಿತು ಎಂದು ಅವಳು ತನ್ನನ್ನೇ ಬೈದುಕೊಂಡಳು.

ಕೊನೆಗೆ ಅವನೇ ವಿಚಾರಿಸಿ ವಿಚಾರಿಸಿ ಹೊಸಹಳ್ಳಿಯ ಅಂಜನಮ್ಮನನ್ನು ಪತ್ತೆ ಮಾಡಿದ. ಆಕೆಯ ಗಂಡ ಬೈರಯ್ಯ ಆ ದಳದ ಸವಾರ. ಯುದ್ಧದಿಂದ ಅವನು ಬರಲಿಲ್ಲ. ಅವನ ರುಮಾಲಿನ ಒಂದು ತುಂಡನ್ನು ಜೊತೆಗಾರ ತಂದುಕೊಟ್ಟಿದ್ದ.

"ಬಿಸಿಲಿಗೆ ಬಿಳಿಚ್ಕೊಂಡದೆ ಕಣವ್ವ. ಇಲ್ಲಿ, ಮಡಿಕೆ ಒಳಗೆ ನೋಡು," ಎಂದಳು ಅಜ್ಜಿ.

ಬಿಡಿಸಿದ ಬಟ್ಟೆಯ ಮಡಿಕೆಯೊಳಗೆ ಬಣ್ಣ ಇನ್ನೂ ಬದುಕಿತ್ತು! ಹಳದಿಯಲ್ಲ, ಹಸಿರಲ್ಲ... ಒದ್ದೆ ಮರಳಿನಂಥದ್ದು.

"ಕಣ್ಣಿಗೆ ಪೊರೆ ಬರ್ತಾ ಅದೆ. ಪೂರ್ತಿ ಮುಚ್ಚೋದ್ರೊಳಗೆ ಅವರು ಹೊರಟ ದಿನ ಹೆಂಗಿದ್ರೋ ಹಂಗೆ ನಿನ್ನ ಬೊಂಬೆಲಿ ಒಂದ್ಸಲ ತೋರಿಸ್ತೀಯಾ?"

ಜಗದಾಂಬಾ ಹೂಂ ಎಂದು ತಲೆಯಾಡಿಸಿದಳು.

ಹೊರಗೆ ಬಂದಾಗ ಗುರುಬಸಪ್ಪ ಮೆಲ್ಲಗೆ ಹೇಳಿದ, "ಒಂದು ಎಳೆ ಕತ್ತರಿಸಿಕೊಂಡ್ರೆ ಬಣ್ಣ ಹೊಂದಿಸಬಹುದು..."

"ಬೇಡ! ಆಕೆ ಹತ್ರ ಉಳಿದಿರೋದು ಅದೊಂದೇ. ಅದಕ್ಕೆ ಕತ್ತರಿ ತಾಕಿಸಿದ್ರೆ ನನ್ನ ಜೊತೆ ಮಾತಾಡ್ಲೇಬೇಡಿ."

ನೆನಪಿನಿಂದಲೇ ಮನೆಯಲ್ಲಿ ಬಣ್ಣ ಬೆರೆಸಿದಳು. ಒಂದೂ ಸರಿಬರಲಿಲ್ಲ. ಕೆಲವು ವಾರಗಳ ಬಳಿಕ ಅವನು ಸ್ಟಾಫ್ ರೂಮಿಗೆ ಬಂದು ಅವಳ ಮುಂದೆ ಪುಟ್ಟ ಸೀಸೆಯೊಂದನ್ನಿಟ್ಟ.

ಅದೇ ಬಣ್ಣ! ಅವಳ ಮುಖ ಅರಳಿತು... ಮರುಕ್ಷಣವೇ ಬಾಡಿತು.

"ಕತ್ತರಿಸಿಬಿಟ್ರಾ?"

"ಇಲ್ಲ, ಸ್ವಲ್ಪ ಕೇಳಿ..."

"ಬಟ್ಟೆ ಕೈಯಲ್ಲಿಲ್ದೆ ಇದು ಹೇಗೆ ಬರುತ್ತೆ? ಬೇಡ ಅಂದಿದ್ದೆ ತಾನೆ! ಹೋಗಿ!"

ಅವನು ಅವಳನ್ನೊಮ್ಮೆ ನೋಡಿ, ಸೀಸೆಯನ್ನು ಅಲ್ಲೇ ಬಿಟ್ಟು ಹೊರಟುಹೋದ.

ಅಂದು ಸಂಜೆಯೇ ಅಜ್ಜಿಯ ಕ್ಷಮೆ ಕೇಳಲು ಅವಳು ಹೊಸಹಳ್ಳಿಗೆ ಓಡಿದಳು. ಅಂಜನಮ್ಮ ಬಟ್ಟೆಯನ್ನು ಬಿಡಿಸಿ ತೋರಿಸಿದಳು. ಒಂದೆಳೆಯೂ ಕದಲಿರಲಿಲ್ಲ!

"ಆ ಮೇಷ್ಟ್ರಾ? ಭಾನುವಾರ ಭಾನುವಾರ ಬಂದು ಇದೇ ಜಗಲಿ ಮೇಲೆ ಕೂತು ಬಣ್ಣ ಕಲಸ್ತಿದ್ದ. ಮೊದಮೊದಲು ಸಗಣಿ ಬಣ್ಣ ಬತ್ತಿತ್ತು, ನಕ್ಕೂ ನಕ್ಕೂ ಸಾಕಾಯ್ತು! ಬಟ್ಟೆ ನನ್ನ ಕೈಲೇ ಇತ್ತವ್ವ, ಅವನು ಮುಟ್ಲೂ ಇಲ್ಲ. ಟೀಚರ್ ಬೇಡ ಅಂದವ್ರೆ ಅಂತಿದ್ದ."

ಅವಳು ಅದೇ ಜಗಲಿಯ ಮೇಲೆ ಕುಳಿತಳು. *ಒಂದು ಮಾತು ಕೇಳಬಾರದಿತ್ತೇ ನಾನು?*

ಮರುದಿನ ಕಾಲೇಜಿನ ಗೇಟಿನಲ್ಲಿ ಕಾದು ನಿಂತಳು. ಅವನು ಬಂದಾಗ ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ತಪ್ಪಾಯ್ತು... ಭಾನುವಾರ ಹೊಸಹಳ್ಳಿಗೆ ಬರ್ತೀರಾ?"

ಭಾನುವಾರ ಅವನೂ ಬಂದ. ಬೆಳಗಿನ ಬಿಸಿಲಲ್ಲಿ ಅವಳು ಅಂಜನಮ್ಮನ ಅಂಗೈ ಮೇಲೆ ಖಾಕಿ ತೊಟ್ಟ ಪುಟ್ಟ ಸವಾರನನ್ನಿಟ್ಟಳು. ಅಜ್ಜಿ ಆ ಸವಾರನನ್ನು ಕಣ್ಣಿನ ತೀರಾ ಹತ್ತಿರ ಹಿಡಿದಳು.

"ಹಿಂಗೇ... ಹಿಂಗೇ ಹೊರಟಿದ್ರು," ಎಂದು ಬೊಂಬೆಯನ್ನು ಕೆನ್ನೆಗೊತ್ತಿಕೊಂಡಳು.

ಅಲ್ಲಿಂದ ಇಬ್ಬರೂ ಬಸ್ ಸ್ಟಾಪಿಗೆ ನಡೆದರು. ಅಲ್ಲಿ ಅವಳೇ ಕೇಳಿದಳು.

"ಬೇಜಾರು ಹೋಯ್ತಾ?"

"ಬೈದಿದ್ದಕ್ಕೆ ಬೇಜಾರಿಲ್ಲ. ಇನ್ನು ನೀವು ಮಾತಾಡಲ್ವೇನೋ ಅಂತ ಭಯ ಆಗಿತ್ತು."

"ಅಷ್ಟೊಂದು ಭಾನುವಾರ ಕೂತ್ರಲ್ಲ... ಪ್ರದರ್ಶನಕ್ಕಾ?"

"ಮೊದಲು ಅಜ್ಜಿಗೋಸ್ಕರ. ಆಮೇಲೆ..." ಅವನು ಅವಳತ್ತ ತಿರುಗಿದ. "ಸರಿಯಾದ ಬಣ್ಣ ನೋಡಿದಾಗ ನಿಮ್ಮ ಮುಖ ಹೇಗೆ ಅರಳುತ್ತೆ ಅಂತ ನೋಡ್ಬೇಕಿತ್ತು. ಜಗದಾಂಬಾ, ನಿಮ್ಮನ್ನ ಮದುವೆ ಆಗೋ ಆಸೆ ನನಗೆ. ಒಪ್ತೀರಾ?"

ರಾಜಾಜಿನಗರದ ಬಸ್ಸು ಬಂದು ನಿಂತಿತು. ಅವಳು ಹತ್ತಲಿಲ್ಲ. ಕಂಡಕ್ಟರ್ ಸೀಟಿ ಊದಿದ.

"ನಡ್ಕೊಂಡೇ ಹೋಗೋಣ್ವಾ? ಅಪ್ಪ ಮನೇಲಿದಾರೆ."

"ಇವತ್ತೇನಾ?" ಅವನು ಗಾಬರಿಯಾದ.

"ಯಾಕೆ... ಇನ್ನೊಂದು ಭಾನುವಾರ ಕಾಯೋ ತಾಳ್ಮೆ ನಿಮಗಿರಬಹುದು," ಅವಳು ನಾಚಿ ನಕ್ಕಳು, "ನನಗಿಲ್ಲ ಕಣ್ರೀ!"